ಹಳ್ಳದ ಆಚೆ ಹುಟ್ಟಿದರೆ ಖಾತೆ ಇಲ್ಲ

ಬಿಸಿ ರೊಟ್ಟಿ ಆರುವಷ್ಟು ಹೊತ್ತು ಸಾಕು ಈ ಕಥೆಗೆ... ಕೂತುಕೊಂಡು ಓದಿ.

ಸಾತವ್ವ ಮನೆಯಲ್ಲೇ ರೊಟ್ಟಿ ತಟ್ಟಿ ಖಾನಾವಳಿಗೆ ಕೊಡುವಾಕೆ. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಅದೇ ಕೆಲಸ.

ಆಕೆ ತಟ್ಟಿದ ರೊಟ್ಟಿಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಗೋವಾದ ಸಮುದ್ರ ಮುಟ್ಟುತ್ತವೆ... ಮೀನುಗಳೂ ಎರಡೆರಡು ತಿಂದು ಹೋಗುತ್ತವೆ!

ಆದರೆ ಭುಜ ಮಾತ್ರ ಸವೆದುಹೋಗಿತ್ತು. ಸಂಜೆ ತಲೆ ಬಾಚಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ. ಸೊಸೆಯೇ ಬಾಚಬೇಕು.

ಸೊಸೆ ಭುವನೇಶ್ವರಿಗೆ ಹತ್ತೊಂಬತ್ತು. ಏಳು ತಿಂಗಳ ಬಸುರಿ... ಚೊಚ್ಚಲು.

ಆಗಲೇ ಬಂತು ನೋಡಿ ಎಲೆಕ್ಷನ್!

ಮೈಕ್ ಕಟ್ಟಿದ ಆಟೋ ದಿನಕ್ಕೆ ಎಷ್ಟು ಸಲ ತಿರುಗಿತೆಂದರೆ, ಊರಿನ ಗಿಳಿಗಳೂ ಭಾಷಣ ಕಲಿತುಬಿಟ್ಟವು...

“ನಮ್ಮ ಅಭ್ಯರ್ಥಿಯನ್ನು ಗೆಲ್ಲಿಸಿ! ನಮ್ಮ ಕ್ಷೇತ್ರದಲ್ಲಿ ಹುಟ್ಟುವ ಪ್ರತಿ ಕೂಸಿಗೂ ಸರ್ಕಾರದಿಂದ ಕಾಲೇಜು ಖಾತೆ! ಹುಟ್ಟಿದ ದಿನವೇ ದುಡ್ಡು ಜಮಾ! ಹದಿನೆಂಟು ತುಂಬಿದ ದಿನ ಕಾಲೇಜು ಗ್ಯಾರಂಟಿ!”

ಸಾತವ್ವ ಹಿಟ್ಟು ನಾದುವುದನ್ನು ನಿಲ್ಲಿಸಿ ಕೇಳಿದಳು.

ನಮ್ಮ ಮನೆಯಿಂದಲೂ ಒಂದು ಕೂಸು ಕಾಲೇಜಿಗೆ...

ಅವತ್ತಿನಿಂದ ಆಕೆಗೆ ಅದೇ ಧ್ಯಾನ.

ಆದರೆ ಒಂದು ತೊಡಕಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ಪದ್ಧತಿ. ಭುವನೇಶ್ವರಿಯ ತವರು ಹಳ್ಳದ ಆಚೆ. ಹಳ್ಳ ದಾಟಿದರೆ ಕ್ಷೇತ್ರವೇ ಬೇರೆ!

ಕುಬಸದ ದಿನ, ಅಂದರೆ ಸೀಮಂತದ ದಿನ, ಸೊಸೆಯ ತಾಯಿ ನಿಂಗವ್ವ ಹಸಿರು ಸೀರೆ, ಹಸಿರು ಬಳೆ, ಐದು ತರದ ಉಂಡಿ ಹೊತ್ತು ಬಂದಳು. ಉಡಿ ತುಂಬಿದ್ದಾಯಿತು, ಆರತಿ ಆಯಿತು. ಮಗಳನ್ನು ಕರೆದುಕೊಂಡು ಹೋಗಲು ಟಂಟಂ ಗಾಡಿ ಹೊರಗೆ ನಿಂತಿತ್ತು.

ಸಾತವ್ವ ಹೋಗಿ ಬಾಗಿಲಿಗೆ ಅಡ್ಡ ಕೂತಳು.

“ಸೊಸಿನ್ನ ಕಳಸೂದಿಲ್ರೀ ಬೀಗರ. ಇಲ್ಲೇ ಹಡೀಲಿ.”

“ಏನ್ರೀ ಇದು! ಚೊಚ್ಚಲ ಬಾಣಂತನ ನಿಮ್ಮ ಮನ್ಯಾಗ ಆದ್ರ ಮಂದಿ ನಮ್ಮ ಮುಖಕ್ಕ ಸಗಣಿ ಹೊಡೀತಾರ!”

“ಹೊಡದ್ರ ತೊಳ್ಕೋರಿ. ಹಳ್ಳದ ಆಚಿ ಹುಟ್ಟಿದ್ರ ಕೂಸಿಗೆ ಖಾತೆ ಇಲ್ಲ. ಕಾಲೇಜಿಲ್ಲ.”

“ಯವ್ವಾ... ಇನ್ನ ಓಟು ಹಾಕಿಲ್ಲ, ಅಂವ ಗೆದ್ದಿಲ್ಲ, ಕೂಸು ಹುಟ್ಟಿಲ್ಲ! ನೀವಾಗಲೇ ಕಾಲೇಜಿಗೆ ಬುತ್ತಿ ಕಟ್ಟಾಕತ್ತೀರಲ್ರೀ!”

ಕುಬಸಕ್ಕೆ ಬಂದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಸಾತವ್ವ ನಗಲಿಲ್ಲ.

“ನಾ ಹೆಬ್ಬಟ್ಟು. ನನ್ನ ಮಗ ಏಳನೇತ್ತಕ್ಕ ಸಾಲಿ ಬಿಟ್ಟ. ಇಪ್ಪತ್ತು ವರ್ಷ ಹೊಗಿ ಕುಡದೇನ್ರಿ... ಮೊಮ್ಮಗಳಾಗ್ಲಿ, ಮೊಮ್ಮಗ ಆಗ್ಲಿ, ಈ ಒಲಿ ಮುಂದ ಕೂಡಬಾರದು. ಅಷ್ಟ.”

ಆ ದನಿ ಎಷ್ಟು ದಣಿದಿತ್ತೆಂದರೆ ನಿಂಗವ್ವನೂ ಟಂಟಂನವನಿಗೆ ಸ್ವಲ್ಪ ತಡೆಯಲು ಸನ್ನೆ ಮಾಡಿದಳು.

ಆಗ ಭುವನೇಶ್ವರಿ ಮೆಲ್ಲಗೆ ಬಂದು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ಕೈ ತುಂಬ ಹೊಸ ಬಳೆ... ಕಣ್ಣ ತುಂಬ ನೀರು.

“ಅತ್ತೀ... ನನಗ ಹೆದರಿಕಿ ಆಗತೈತ್ರಿ. ಹಡಿಯುವಾಗ ಅವ್ವ ಬಾಜೂಕ ಇರಬೇಕು ಅನಸತೈತಿ. ಕೂಸಿಗೆ ಹದಿನೆಂಟು ತುಂಬಾಕ ಇನ್ನ ಭಾಳ ದಿನ ಐತ್ರಿ...”

ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನನಗ ತುಂಬಿ ಆಗಲೇ ವರ್ಷ ಆತ್ರಿ.”

ನಗುತ್ತಿದ್ದ ಹೆಂಗಸರೆಲ್ಲ ಬಾಯಿಗಿಟ್ಟ ಸೆರಗು ತೆಗೆದರು.

ಮದುವೆಯ ಮಾತುಕತೆಯ ದಿನ ಇದೇ ಸಾತವ್ವ ಎಲೆ-ಅಡಿಕೆ ಹಿಡಿದು ಹತ್ತು ಮಂದಿಯ ಮುಂದೆ ಹೇಳಿದ್ದಳು... “ಹುಡುಗಿ ಬಿ.ಎ. ಸೇರ್ಯಾಳ ಅಂದ್ರ ಮುಂದ ನಾವ ಓದಸ್ತೀವಿ.”

ಮದುವೆಯಾಗಿ ತಿಂಗಳಿಗೇ ಭುಜ ನೋವು ಅಂದಳು. ಸೊಸೆ ಬಂದು ಒಲೆ ಮುಂದೆ ಕೂತಳು. ಕಾಲೇಜಿನ ಮಾತು ಮತ್ತೆ ಯಾರೂ ಎತ್ತಲಿಲ್ಲ... ಸೊಸೆಯೂ ಎತ್ತಲಿಲ್ಲ.

ನಿಂಗವ್ವ ತಗ್ಗಿದ ದನಿಯಲ್ಲಿ ಅಂದಳು, “ಮೈಕಿನ್ಯಾಗ ಹೇಳಿದ್ದಷ್ಟ ಭರವಸೆ ಅಲ್ರೀ ಬೀಗರ. ಎಲಿ-ಅಡಕಿ ಹಿಡದು ಹೇಳಿದ್ದೂ ಭರವಸೇನ.”

ಸಾತವ್ವ ಸೊಸೆಯ ಕೈ ಹಿಡಿದುಕೊಂಡಳು. ಬಳೆಯ ಕೆಳಗೆ ಆ ಬೆರಳ ತುದಿಗಳು ತನ್ನ ಬೆರಳಿನಂತೆಯೇ ಸುಟ್ಟು ಗಟ್ಟಿಯಾಗಿದ್ದವು...

ಹತ್ತೊಂಬತ್ತಕ್ಕೇ!

ಇಪ್ಪತ್ತು ವರ್ಷ ಕಣ್ಣೀರು ಬಂದಾಗಲೆಲ್ಲ ಹೊಗೆಯ ಮೇಲೆ ಹಾಕಿ ಪಾರಾಗಿದ್ದಳು ಸಾತವ್ವ. ಅವತ್ತು ಒಲೆ ಆರಿತ್ತು... ಹೇಳಲು ನೆಪವೇ ಇರಲಿಲ್ಲ.

ಅತ್ತು ಮುಗಿದ ಮೇಲೆ ಬಾಗಿಲು ಬಿಟ್ಟು ಸರಿದಳು.

“ನಡಿ... ನಿಮ್ಮವ್ವನ ಕೂಡ ಹೋಗು. ಆರಾಮ ಹಡಕೊಂಡು ಬಾ. ಕೂಸಿನ್ನ ನಾ ಹಿಡೀತೀನಿ, ನೀ ಕಾಲೇಜಿಗೆ ಹೋಗು.”

“ಮತ್ತ ರೊಟ್ಟಿ ಯಾರು ತಟ್ಟೋರ್ರಿ?”

“ನಿನ್ನ ಗಂಡ ತಟ್ಟಲಿ! ಟ್ರ್ಯಾಕ್ಟರ್ ತಿರುವೋ ಕೈಗೆ ರೊಟ್ಟಿ ತಿರುವಾಕ ಏನ್ ಧಾಡಿ?”

ಕೂಸು ಹಳ್ಳದ ಆಚೆಯೇ ಹುಟ್ಟಿತು. ಹೆಣ್ಣು. ಹುಟ್ಟಿದಾಗ ಅತ್ತ ಸದ್ದಿಗೆ ಈಚೆ ಊರಿನ ಕೋಳಿಗಳು ಬೆಳಗಾಯಿತೆಂದು ಕೂಗಿದವಂತೆ!

ಎಲೆಕ್ಷನ್ ಮುಗಿಯಿತು. ಆಟೋದ ಮೈಕು ಬೇರೆ ಊರಿಗೆ ಹೋಯಿತು. ಆ ಖಾತೆಯ ಸುದ್ದಿಯನ್ನು ಆಮೇಲೆ ಯಾರೂ ತೆಗೆದಿಲ್ಲ.

ಈಗ ಅರ್ಧ ರೊಟ್ಟಿ ಸಾತವ್ವ ತಟ್ಟುತ್ತಾಳೆ, ಅರ್ಧ ಮಗ ತಟ್ಟುತ್ತಾನೆ. ಅವನ ರೊಟ್ಟಿ ಯಾವ ಮೂಲೆಯಿಂದ ನೋಡಿದರೂ ದುಂಡಗಿಲ್ಲ... ಖಾನಾವಳಿಯವರು ಬೈಯುತ್ತಲೇ ತೆಗೆದುಕೊಳ್ಳುತ್ತಾರೆ.

ಆಮೇಲೆ ಸಾತವ್ವ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು, ಕಾಲು ಎಳೆಯುತ್ತ, ಕಾಲೇಜಿನ ಗೇಟಿಗೆ ಬಂದು ಕೂರುತ್ತಾಳೆ. ಬಿಡುವಿನಲ್ಲಿ ತಾಯಿ ಬಂದು ಹಾಲು ಕುಡಿಸಿ ಹೋಗಬೇಕಲ್ಲ...

ಒಂದು ದಿನ ವಾಚ್‌ಮನ್ ನಕ್ಕ. “ಏನಬೇ ಮುದುಕಿ, ಮೊಮ್ಮಗಳ ಅಡ್ಮಿಶನ್ನಿಗೆ ಈಗಿಂದ ಪಾಳಿ ಹಚ್ಚೀಯೇನು?”

ಸಾತವ್ವ ಗೋಡೆಗೆ ಒರಗಿ, ನೋಯುವ ಭುಜ ಒತ್ತಿಕೊಂಡಳು.

“ಇಲ್ಲಪಾ... ಇಕಿ ಪಾಳಿಗೆ ಇನ್ನ ತಡಾ ಐತಿ. ಈಗ ನಮ್ಮ ಸೊಸಿ ಪಾಳಿ.”

*

ಹುಟ್ಟುವ ಕೂಸಿನ ನಾಳೆಗಾಗಿ ಹಂಬಲಿಸುವ ಮೊದಲು, ಕಣ್ಣ ಮುಂದೆ ಕೂತವಳಿಗೆ ಕೊಟ್ಟ ಮಾತು ನಡೆಸಬೇಕು.

ನಿಮ್ಮ ಮನೆಯಲ್ಲಿ ಯಾರ ಓದು ಅರ್ಧಕ್ಕೆ ನಿಂತಿದೆ... ಯಾವತ್ತಾದರೂ ಕೇಳಿದ್ದೀರಾ?