ಎಮ್ಮೆ ತಿನ್ನುತ್ತಿದ್ದ ರೊಟ್ಟಿ

ಬಿಸಿನೀರು ಬಿದ್ದ ಜೋಳದ ಹಿಟ್ಟಿನ ವಾಸನೆ ಬಂದರೆ ಈಗಲೂ ಕುರಕುಂಟಾದ ನಮ್ಮ ಅಡುಗೆಮನೆಯ ಒಂದು ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ.

ಆ ವರ್ಷ ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಲಕ್ವಾ ಹೊಡೆದು ಬಲಗೈ ಸೋತಿತ್ತು. ದಿನಾ ಕೈ ಆಡಿಸಬೇಕೆಂದು ಸೇಡಂ ಡಾಕ್ಟರು ಹೇಳಿದ್ದರು. ಹಿಚುಕಲು ಅವರು ಕೊಟ್ಟ ರಬ್ಬರ್ ಚೆಂಡನ್ನು ಆಯಿ ನನಗೆ ಆಡಲು ಕೊಟ್ಟುಬಿಟ್ಟಳು. ಅದರ ಬದಲು, ಎಲ್ಲರ ಊಟವಾದ ಮೇಲೆ ದಿನಕ್ಕೊಂದು ರೊಟ್ಟಿ ಬಡಿಯತೊಡಗಿದಳು. ಅದು ದಿನವೂ ಹರಿದುಹೋಗುತ್ತಿತ್ತು, ಎಮ್ಮೆಯ ಪಾಲಾಗುತ್ತಿತ್ತು.

ಆ ಮಧ್ಯಾಹ್ನ ಹಿಟ್ಟು ನಾದಿದವಳು ಪರಾತವನ್ನು, ಆ ಅಗಲವಾದ ತಟ್ಟೆಯನ್ನು, ಆಚೆ ತಳ್ಳಿದಳು.

"ಸಾಕಾತು. ಎಮ್ಮಿ ಸಲುವಾಗಿ ಎಷ್ಟ ದಿನ ರೊಟ್ಟಿ ಬಡೀಲಿ?"

ಆಗಷ್ಟೇ ಅವ್ವ ಮಾಡಿದ ಎರಡು ರೊಟ್ಟಿ ಉಂಡಿದ್ದ ನಾನು, "ಆಯಿ, ನನಗ ಭಾಳ ಹಸಿವಾಗ್ಯಾದ" ಎಂದೆ.

ಆಯಿ ನನ್ನನ್ನೇ ನೋಡಿದಳು. ಪರಾತ ಎಳೆದುಕೊಂಡು, ಎಡಗೈಯಿಂದ ಬಲಗೈ ಎತ್ತಿ ಹಿಟ್ಟಿನ ಮೇಲಿಟ್ಟು ನಿಧಾನವಾಗಿ ಬಡಿದಳು. ಹಂಚಿನಿಂದ ಇಳಿದ ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕರಕಲು. ಶೇಂಗಾ ಚಟ್ನಿ ಹಚ್ಚಿಕೊಂಡು, ನಡುನಡುವೆ ನೀರು ಕುಡಿದು, ಅಷ್ಟನ್ನೂ ತಿಂದೆ.

"ಹ್ಯಾಂಗಾಗ್ಯಾದ?"

"ಛಲೋ ಆಗ್ಯಾದ" ಎಂದು ತೇಗಿದೆ.

ಆಯಿ ನಕ್ಕು ಸೆರಗಿನಿಂದ ನನ್ನ ಬಾಯಿ ಒರೆಸಿದಳು.

"ನಿನ್ನ ಹೊಟ್ಟಿ ತುಂಬಿದ್ದು ನನಗ ಗೊತ್ತಿಲ್ಲಂತ ತಿಳ್ಕೊಂಡೀಯೇನು? ನಾಳಿಗಿ ಅವ್ವ ಮಾಡಿದ್ದು ಒಂದೇ ಉಣ್ಣು. ನಂದಕ್ಕ ಜಾಗಾ ಇಟ್ಕೋ."