ಕಂಬಳಿಯೊಳಗಿನ ಹಾಡು

ತೊಯ್ದ ಕಂಬಳಿಯ ವಾಸನೆ ಬಂದರೆ ಇಂದಿಗೂ ನನಗೆ ಸಂಗೀತ ನೆನಪಾಗುತ್ತದೆ.

ನಿಜಾಮರ ಕಾಲ, ನನಗಾಗ ಏಳು ವರ್ಷ. ಕನಕಗಿರಿಯ ಬಯಲಿನಲ್ಲಿ ಹಂದರ ಹಾಕಿ ಸಂಗೀತದ ಉತ್ಸವ ನಡೆಸಿದ್ದರು. ಧಾರವಾಡದ ಕಡೆಯ ಗವಾಯಿಯನ್ನು ಕೇಳಬೇಕೆಂದು ಅಜ್ಜಿ ನನ್ನನ್ನು ಕರೆದುಕೊಂಡು ಹರದಾರಿಗಟ್ಟಲೆ ನಡೆದಿದ್ದಳು. ಆದರೆ ಹೆಂಗಸರ ಜಾಗ ಎಲ್ಲರ ಹಿಂದೆ, ಚಕ್ಕಡಿಗಳ ಆಚೆ. ಅಲ್ಲಿಗೆ ಕೇಳಿಸುತ್ತಿದ್ದದ್ದು ಎತ್ತಿನ ಗಂಟೆ ಮತ್ತು ಗಂಡಸರ 'ವಾಹ್ ವಾಹ್' ಮಾತ್ರ.

"ಹಾಡು ಅವ್ರಿಗೆ, ಸಗಣಿ ವಾಸ್ನಿ ನಮಗ," ಅಂದಳು ಅಜ್ಜಿ.

ಮಧ್ಯಾಹ್ನ ಒಮ್ಮೆಲೇ ಬಿರುಗಾಳಿ ಎದ್ದು ಹಂದರವನ್ನೇ ಹಾರಿಸಿಕೊಂಡು ಹೋಯಿತು. ಹಿಂದೆಯೇ ಆಣೆಕಲ್ಲಿನ ಮಳೆ ಬೀಳತೊಡಗಿತು. ಗಂಡಸರೆಲ್ಲ ಊರ ಕಡೆ ಓಡಿದರು. ಅಜ್ಜಿ ನಮ್ಮಿಬ್ಬರ ತಲೆಯ ಮೇಲೆ ಕಂಬಳಿ ಎಳೆದುಕೊಂಡಳು. ತಂಬೂರಿ ತಬ್ಬಿಕೊಂಡಿದ್ದ ಗವಾಯಿ ಓಡಲಾರದೆ ನಮ್ಮೆದುರು ಬಂದು ನಿಂತರು. ಅಜ್ಜಿ ಕಂಬಳಿಯ ಅಂಚು ಎತ್ತಿದಳು.

"ತಂಬೂರಿ ಒಳಗ ಬರ್ಲಿ. ಹಾಡ್ತೀನಂದ್ರ ನೀವೂ ಬರ್ರಿ."

ಕುರಿಯ ವಾಸನೆಗೆ ನಡುನಡುವೆ ಸೀನುತ್ತಲೇ ಅವರು ಹಾಡಿದರು. ಅಜ್ಜಿಯ ಬೆರಳು ನನ್ನ ಬೆನ್ನ ಮೇಲೆ ತಾಳ ಹಾಕುತ್ತಿತ್ತು. ಸ್ವಲ್ಪ ಹೊತ್ತಿಗೆ ಕಂಬಳಿಯ ತೂತಿನಿಂದ ಬಿಸಿಲು ಇಣುಕಿತು.

"ಮಳಿ ನಿಂತಂಗ ಕಾಣ್ತೈತಲ್ರಿ, ಯವ್ವಾ?" ಅಂದರು ಗವಾಯಿ.

ಅಜ್ಜಿ ಆ ತೂತಿಗೆ ಹೆಬ್ಬೆರಳು ಒತ್ತಿದಳು.

"ಇನ್ನೂ ಭಾಳ ಐತ್ರಿ. ಹಾಡ್ರಿ."