ದಾಟಿಸುವವಳು

ಒಪೆರಾದ ಮೂರನೆಯ ಅಂಕದ ತಾಲೀಮಿನಲ್ಲಿ, ವಾದ್ಯದವರೆಲ್ಲರ ಎದುರಿಗೇ, ಓರ್ಸೊಲಾ ಬರ್ತಾನಿಯ ದನಿ ಒಡೆಯಿತು. ತಾರಸ್ಥಾಯಿಯ ಆ ಸ್ವರಕ್ಕೆ ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಏರುತ್ತಿದ್ದವಳು ಅಂದೂ ಏರಿದಳು, ಆದರೆ ಅಲ್ಲಿ ಕಾಲೂರಲು ನೆಲವೇ ಇರಲಿಲ್ಲ. ಪಿಟೀಲಿನವರು ತಲೆ ತಗ್ಗಿಸಿ ತಂತಿ ಬಿಗಿ ಮಾಡುವವರಂತೆ ನಟಿಸಿದರು. ಅವರು ನಕ್ಕಿದ್ದರೆ ವಾಸಿಯಿತ್ತು.

ಊಟದ ಹೊತ್ತಿಗೆ ಕಂಪನಿ ಯಜಮಾನ ತೊಲೊಮೆಯಿ ಅವಳ ಕೋಣೆಗೆ ಬಂದ. ಕೂರಲಿಲ್ಲ.

"ಅಮ್ಮಾವ್ರೇ, ಸುತ್ತಿ ಬಳಸಿ ಮಾತಾಡೋದು ನಂಗೆ ಬರಲ್ಲ. ನಾಯಕಿ ಪಾತ್ರ ಲಿವಿಯಾಗೆ ಕೊಟ್ಟಿದ್ದೀನಿ. ನಿಮಗೆ ಬೇಕಂದ್ರೆ ದೋಣಿಯವಳ ಪಾತ್ರ ಇದೆ. ಬೇಡ ಅಂದ್ರೆ ನಿಮ್ಮೂರು ಕ್ರೆಮೋನಾಗೆ ಗಾಡಿ ಮಾಡಿಸ್ಕೊಡ್ತೀನಿ."

"ಆ ಓಡಿಹೋಗೋ ಜೋಡೀನ ಹೊಳೆ ದಾಟಿಸ್ತಾಳಲ್ಲ, ಅವಳಾ? ಅವಳಿಗೆ ಹಾಡೇ ಇಲ್ವಲ್ಲ."

"ಇದೆಯಲ್ಲ. 'ಹತ್ತಿ' ಅಂತಾಳೆ. ಆಮೇಲೆ 'ಇಳೀರಿ' ಅಂತಾಳೆ."

"ಗಾಡಿ ಹೇಳಿ" ಎಂದಳು ಓರ್ಸೊಲಾ.

ಲಿವಿಯಾ ಮೊನ್ನೆ ಮೊನ್ನೆಯವರೆಗೆ ಮೇಳದ ಹಿಂದಿನ ಸಾಲಿನಲ್ಲಿ ಹಾಡುತ್ತಿದ್ದ ಹುಡುಗಿ. ಅವಳ ಮೇಲೆ ಓರ್ಸೊಲಾಗೆ ಸಿಟ್ಟಿರಲಿಲ್ಲ. ಹೊಟ್ಟೆ ಉರಿಯುತ್ತಿದ್ದುದು ಬೇರೆ ಕಾರಣಕ್ಕೆ. ಜೀವನವಿಡೀ ಅವಳು ಇನ್ನೊಬ್ಬರು ಹಾಡಿ ಹೆಸರು ಮಾಡಿದ ಪಾತ್ರಗಳನ್ನೇ ಹಾಡುತ್ತ ಬಂದಿದ್ದಳು. ಎಷ್ಟು ಚೆನ್ನಾಗಿ ಹಾಡಿದರೂ ಜನ ಮೊದಲು ಹಾಡಿದವಳನ್ನು ನೆನೆಯುತ್ತಿದ್ದರು. ಹೊಚ್ಚ ಹೊಸ ಒಪೆರಾ, ಯಾರ ಉಸಿರೂ ತಾಗದ ಪಾತ್ರ ಸಿಕ್ಕಿದ್ದು ಇದೊಂದೇ. ಅದೂ ಕೈತಪ್ಪಿತು.

ಅವಳು ಬಟ್ಟೆ ತುಂಬುತ್ತಿದ್ದಾಗ ಒಪೆರಾಕ್ಕೆ ಸಂಗೀತ ಬರೆದ ಮೇಷ್ಟ್ರು ಫಾಬ್ರಿ ಒಳಗೆ ಬಂದು, ಸೀದಾ ಹೋಗಿ ಪೆಟ್ಟಿಗೆಯ ಮುಚ್ಚಳದ ಮೇಲೆ ಕುಳಿತುಬಿಟ್ಟ. ಅವನಿಗಿನ್ನೂ ಮೀಸೆ ಸರಿಯಾಗಿ ಕೂತಿರಲಿಲ್ಲ. ಅಂಗಿಯ ತೋಳೆಲ್ಲ ಶಾಯಿ.

"ಏಳಿ ಮೇಷ್ಟ್ರೇ."

"ಏಳಲ್ಲ. ನೀವು ಹೋಗ್ಬಾರ್ದು."

ಬೆಳಗ್ಗೆ ಒಡೆದ ಗಂಟಲು. ಕಿರುಚಿದರೆ ಪೂರ್ತಿ ಹೋದೀತೆಂಬ ಭಯದಿಂದ ಅವಳು ಹೊಟ್ಟೆಯೊಳಗಿಂದ, ತಗ್ಗಿಸಿದ ದನಿಯಲ್ಲಿ ಬೈದಳು. "ದೋಣಿಗೆ ಹುಟ್ಟು ಹಾಕೋದಕ್ಕೆ ನಿಮಗೊಬ್ಬಳು ಮುದುಕಿ ಬೇಕಿತ್ತು, ಸಿಕ್ಕಿದಳು, ಅಲ್ವಾ? ಈ ಪೋ ನದೀನ ನಾನೆಷ್ಟು ಸಲ ದಾಟಿದ್ದೀನಿ ಗೊತ್ತಾ? ಆಚೆ ದಡದಲ್ಲಿ ಹೂ ಹಿಡ್ಕೊಂಡು ಜನ ಕಾಯ್ತಿದ್ರು. ದಾಟೋಳು ನಾನು. ದಾಟಿಸೋಳಲ್ಲ."

ಫಾಬ್ರಿ ಎದ್ದು ನಿಂತ. "ಇನ್ನೊಂದ್ಸಲ ಹೇಳಿ."

"ಏನನ್ನ?"

"ಈಗ ಬೈದ್ರಲ್ಲ, ಅದನ್ನೇ. ಅದೇ ದನೀಲಿ."

"ಬೈಗುಳಾನ ಕೇಳಿ ಕೇಳಿ ಹಾಕಿಸ್ಕೊಳೋರನ್ನ ಇವತ್ತೇ ನೋಡಿದ್ದು."

ಅವನು ಆಗಲೇ ಮೂಲೆಯ ಪಿಯಾನೊ ತೆರೆದು ಎಡತುದಿಯ ತಗ್ಗು ಸ್ವರದ ಮನೆಗಳಲ್ಲಿ ಏನನ್ನೋ ತಡಕಾಡುತ್ತಿದ್ದ. ಅವನನ್ನು ಸಾಗಹಾಕಲೆಂದೇ ಅವಳು ಆ ಸ್ವರಕ್ಕೆ ದನಿ ಸೇರಿಸಿದಳು. ಅವನು ಇನ್ನೂ ಕೆಳಗೆ ಹೋದ, ಅವಳೂ ಹೋದಳು. ಮೇಜಿನ ಮೇಲಿದ್ದ ಬಟ್ಟಲು ಸಣ್ಣಗೆ ಅದುರಿತು.

"ಇದನ್ನ ಇಷ್ಟು ದಿನ ಎಲ್ಲಿಟ್ಟಿದ್ರಿ?"

ಅವಳು ಸಂಕೋಚಪಟ್ಟಳು. "ನನ್ನ ಗುರುಗಳು ಮುಚ್ಚಿಡು ಅಂದ್ರು. ಸಂತೆ ಹೆಂಗಸಿನ ದನಿ ಅಂತೆ ಇದು."

"ದೋಣಿಯವಳು ಮತ್ತೆ ಯಾರು, ರಾಜಕುಮಾರಿನಾ?"

ಓರ್ಸೊಲಾಗೆ ಬೆಳಗಿನಿಂದ ಮೊದಲ ಸಲ ನಗು ಬಂತು. ಅವಳ ಬೈಗುಳವನ್ನೇ ಅವನು ಮಗುಚಿ ಹಾಕಿ ಹಾಡು ಕಟ್ಟಿದ: ದಾಟಿಸುವವಳು ನಾನು, ದಡ ನನಗಿಲ್ಲ. ಗಾಡಿಯವನು ಕಾದು ಕಾದು ಗೊಣಗುತ್ತ ಹೊರಟುಹೋದ.

ಮೊದಲ ಪ್ರದರ್ಶನಕ್ಕೆ ಪೋ ದಡದ ಪಿಯಾಚೆಂತ್ಸಾ ಊರಿನ ದೋಣಿಕಾರರೆಲ್ಲ ಮೇಲಿನ ಗ್ಯಾಲರಿಯಲ್ಲಿ ಸುಟ್ಟ ಚೆಸ್ಟ್‌ನಟ್ ಕಾಯಿ ಸುಲಿಯುತ್ತ ಕುಳಿತಿದ್ದರು. ನಾಯಕನಿಗೆ ಆಗಲೇ ಎರಡು ಸಲ ಛೀಮಾರಿಯ ಸಿಳ್ಳೆ ಬಿದ್ದಿತ್ತು. ಮೂರನೆಯ ಅಂಕದಲ್ಲಿ ದೋಣಿ ರಂಗದ ಮೇಲೆ ಜಾರಿ ಬಂತು. ಪ್ರೇಮಿಗಳು ಅದರ ತಳದಲ್ಲಿ ಅವಿತಿದ್ದರು. ಓರ್ಸೊಲಾ ಒಬ್ಬಳೇ ನಿಂತು, ಹುಟ್ಟು ಹಾಕುತ್ತ ಹಾಡಿದಳು. ಹೂ ಹಿಡಿದು ಕಾಯುವವರಿಲ್ಲದ ದಡಕ್ಕೆ ಹಾಡುವುದು ಹೇಗೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಸಿಪ್ಪೆ ಸುಲಿಯುವ ಚಟಪಟ ಯಾವಾಗ ನಿಂತಿತೋ ಅವಳ ಗಮನಕ್ಕೆ ಬರಲಿಲ್ಲ.

ಹಾಡು ಮುಗಿಯಿತು. ಚಪ್ಪಾಳೆಯಿಲ್ಲ, ಸಿಳ್ಳೆಯೂ ಇಲ್ಲ. ದೋಣಿ ಆಚೆ ದಡ ಮುಟ್ಟುವುದರಲ್ಲಿತ್ತು. ಸೋತೆ ಎಂದುಕೊಂಡಳು ಓರ್ಸೊಲಾ.

ಆಗ ಗ್ಯಾಲರಿಯಿಂದ ಒರಟು ದನಿಯೊಂದು ಕೂಗಿತು. "ಯಾರೂ ಇಳೀಬೇಡ್ರೋ. ಅಮ್ಮ ಇನ್ನೊಂದ್ಸಲ ದಾಟಿಸ್ಲಿ."

ಇಡೀ ರಂಗಮಂದಿರ ಎದ್ದು ನಿಂತು ಅದನ್ನೇ ಕೂಗತೊಡಗಿತು. ಪರದೆಯ ಮರೆಯಲ್ಲಿ ಯಜಮಾನ ತೊಲೊಮೆಯಿ ಕೋಟು ಕಳಚಿ, ಆಳುಗಳ ಜೊತೆ ತಾನೂ ಹಗ್ಗ ಹಿಡಿದು ದೋಣಿಯನ್ನು ಹಿಂದಕ್ಕೆಳೆದ. ಗದ್ದಲದ ನಡುವೆ, ಕಾಲ ಬಳಿ ಅವಿತಿದ್ದ ಲಿವಿಯಾ ಓರ್ಸೊಲಾಳ ಲಂಗ ಜಗ್ಗಿದಳು. ಅವಳ ಕೆನ್ನೆಯ ಬಣ್ಣವೆಲ್ಲ ಕಣ್ಣೀರಿಗೆ ಕಲಸಿಹೋಗಿತ್ತು.

"ಅಕ್ಕಾ, ನಂಗೂ ವಯಸ್ಸಾದ್ಮೇಲೆ ಈ ಪಾತ್ರ ಬಿಟ್ಕೊಡ್ತೀರಾ?"

"ತುಂಬಾ ಕಾಯ್ಬೇಕಾಗತ್ತೆ ಕಣೇ" ಎಂದಳು ಓರ್ಸೊಲಾ, ಹುಟ್ಟನ್ನು ಸರಿಯಾಗಿ ಹಿಡಿದುಕೊಳ್ಳುತ್ತ. "ನಾನು ಈಗ ತಾನೇ ಶುರು ಮಾಡಿದ್ದೀನಿ."